ಬಾಗಿಲು ಇಳಿಸಿದವನು

ಮಾರ್ಚ್ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಏಳು ಗಂಟೆಗೆ ಇದು ಶುರುವಾಯಿತು. ಹಿಂದಿನ ದಿನ ಹುಣ್ಣಿಮೆ. ಹುಣ್ಣಿಮೆಯ ಆಚೀಚೆ ಮೊರ್ಲೆ ದ್ವೀಪದಲ್ಲಿ ಕಡಲು ಬೆಳಿಗ್ಗೆ ದಕ್ಕೆಯ ಮೇಲಿನ ಮೆಟ್ಟಿಲವರೆಗೂ ತುಂಬಿ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆಯೊಳಗಿನ ಬಂಡೆಗಳನ್ನೆಲ್ಲ ಬಯಲು ಮಾಡಿ ದೂರ ಸರಿದುಬಿಡುತ್ತದೆ. ಆಗ ಊರಿನವರು ಕೊಕ್ಕೆ, ಬುಟ್ಟಿ ಹಿಡಿದು ಬಂಡೆಯಡಿ ಅಂಟಿಕೊಂಡ ಒರ್ಮರ್ ಚಿಪ್ಪು ಕೀಳಲು ಹೋಗುತ್ತಾರೆ. ಹೆಡ್ಲಿ ಟೊರೋಡ್ ಅದಕ್ಕೆಂದೇ ಕೊಕ್ಕೆಗೆ ಹೊಸ ಹಿಡಿ ಹಾಕುತ್ತ ದಕ್ಕೆಯ ಮೇಲೆ ಕೂತಿದ್ದ. ಕೂತಿದ್ದ ಎಂದರೆ ತಪ್ಪಾಗುತ್ತದೆ. ಕೂರುತ್ತಿದ್ದ, ಏಳುತ್ತಿದ್ದ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬರುತ್ತಿದ್ದ. ಎಪ್ಪತ್ತೊಂದು ವರ್ಷದ ಮನುಷ್ಯ, ಶನಿವಾರದಿಂದ ಅವನ ಕಾಲು ಒಂದು ಕಡೆ ನಿಂತಿರಲಿಲ್ಲ.

ದೊಡ್ಡ ದ್ವೀಪದಿಂದ ಬರುವ ದೋಣಿ ಆ ದಿನ ತುಂಬಿಕೊಂಡು ಬಂತು. ಹದಿನೈದು ಮಂದಿ ಲಂಡನ್ನಿನವರು, ಅವರ ಪೆಟ್ಟಿಗೆಗಳು, ಕ್ಯಾಮೆರಾಗಳು, ಒಳಗೆ ಹುಲ್ಲು ತುಂಬಿದ ಒಂದು ಸೀಲ್ ಪ್ರಾಣಿ, ಅದಕ್ಕೆ ಕೂರಲು ಒಂದು ಸಿಂಹಾಸನ. ಕೊನೆಗೆ ಒಂದು ಕೆಂಪು ಬಾಗಿಲು ಇಳಿಯಿತು. ಚೌಕಟ್ಟಿಲ್ಲ, ಮನೆಯಿಲ್ಲ, ಬರೀ ಬಾಗಿಲು.

ಹಳದಿ ಮಳೆಕೋಟು ಹಾಕಿದ ಉದ್ದನೆಯ ಹೆಂಗಸೊಬ್ಬಳು ಅದರ ಪಕ್ಕ ನಿಂತು ಸುತ್ತ ನೋಡಿದಳು. ಇಮೋಜನ್ ಎಂದು ಹೆಸರು, ಬಂದವರಿಗೆಲ್ಲ ಅವಳೇ ಯಜಮಾನಿ.

"ಯಜಮಾನ್ರೇ, ಇದನ್ನ ಸ್ವಲ್ಪ ಮೇಲಕ್ಕೆ ತರೋಕಾಗುತ್ತಾ?"

ಹೆಡ್ಲಿಗೆ ಬೇಕಾಗಿದ್ದದ್ದೂ ಒಂದು ಕೆಲಸವೇ. ಬಾಗಿಲನ್ನು ಬೆನ್ನಿಗೆ ಹಾಕಿಕೊಂಡ. ದಕ್ಕೆ ಹತ್ತಿದ ಮೇಲೆ, "ಎಲ್ಲಿಗೆ?" ಅಂದ.

"ಇನ್ನೂ ಸ್ವಲ್ಪ ಮುಂದೆ."

ಬೇಕರಿ ದಾಟಿದ. ಚರ್ಚು ದಾಟಿದ. "ಇನ್ನೂ ಎಷ್ಟು ದೂರ ಮಗಳೇ? ಇನ್ನೆರಡು ಹೆಜ್ಜೆ ಇಟ್ರೆ ಆ ಕಡೆ ಸಮುದ್ರ."

"ಸಾಕು. ಈಗ ವಾಪಸ್ಸು ಬನ್ನಿ."

ವಾಪಸ್ಸು ಬಂದಾಗ ಅವಳು ಕ್ಯಾಮೆರಾದವನಿಗೆ, "ನೋಡ್ದಾ ಆ ನಡಿಗೆ? ನಿಂತರೆ ಸತ್ತೇ ಹೋಗ್ತೀನಿ ಅನ್ನೋ ಥರ ನಡೀತಾರೆ. ನಮ್ಮ ಬಾಗಿಲಿನ ಮನುಷ್ಯ ಇವರೇ" ಅಂದಳು.

ಹೀಗೆ ಹೆಡ್ಲಿ ಟೀವಿಗೆ ಸೇರಿದ. ಅವರು ತೆಗೆಯುತ್ತಿದ್ದದ್ದು ಪ್ಲೂಮ್ ಎನ್ನುವ ಒಂದು ದ್ವೀಪದ ನಗೆನಾಟಕ. ಅಂಥ ದ್ವೀಪ ಭೂಮಿಯ ಮೇಲೆ ಎಲ್ಲೂ ಇಲ್ಲ. ಅಲ್ಲಿಗೆ ರಾಜ ಆ ಹುಲ್ಲು ತುಂಬಿದ ಸೀಲ್. ಅದರ ಮನಸ್ಸಿನಲ್ಲಿರುವುದನ್ನು ಜನಕ್ಕೆ ಹೇಳುವವನು ಒಬ್ಬ ಪಾರುಪತ್ಯಗಾರ. ಆ ವೇಷ ಡೆಸ್ಮಂಡ್ ಎಂಬ ದಪ್ಪ ನಟನದು. ಮಳೆ ಬಂದರೆ ಪ್ಲೂಮಿನವರು ಎಡಗಾಲಿನ ಬೂಟನ್ನು ಹೊಸ್ತಿಲಾಚೆ ಇಡಬೇಕು. ಬೋಳುತಲೆಯವರು ಮಾತ್ರ ಗಂಟೆ ಬಾರಿಸಬಹುದು. ಗುರುವಾರ ಎನ್ನುವ ದಿನವನ್ನು ರಾಜ ರದ್ದು ಮಾಡಿದ್ದರಿಂದ ಬುಧವಾರ ಕಳೆದರೆ ಮತ್ತೆ ಬುಧವಾರ. ಇದೆಲ್ಲದರ ಹಿಂದೆ, ಯಾರು ಏನೇ ಮಾತಾಡುತ್ತಿದ್ದರೂ, ಒಬ್ಬ ಮುದುಕ ಬಾಗಿಲು ಹೊತ್ತು ಹೋಗುತ್ತಿರುತ್ತಾನೆ. ಯಾಕೆ ಎಂದು ನಾಟಕದಲ್ಲಿ ಯಾರೂ ಕೇಳುವುದಿಲ್ಲ.

"ಯಾಕೆ?" ಎಂದು ಹೆಡ್ಲಿ ಕೇಳಿದ.

"ನಮಗೂ ಗೊತ್ತಿಲ್ಲ. ನಡೀತಾ ಇರಿ" ಅಂದಳು ಇಮೋಜನ್.

ಮನೆಗೆ ಬಂದು ಹೆಂಡತಿ ರೇಚೆಲ್‌ಗೆ ಇದನ್ನೆಲ್ಲ ಹೇಳಿದ. ಅವಳು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದಳು. "ಇಲ್ಲದ ದ್ವೀಪ ಅಂದ್ರು. ನಮ್ಮೂರಿಗೆ ಯಾಕೆ ಬಂದ್ರು ಹಾಗಾದ್ರೆ?" ಅಂದಳು.

ಹೆಡ್ಲಿಯ ತಲೆಯಲ್ಲಿ ಉಳಿದದ್ದು ಆ ಗುರುವಾರದ ಕಾನೂನು ಒಂದೇ. ಅದೊಂದು ಮೊರ್ಲೆಗೂ ಬಂದಿದ್ದರೆ ಚೆನ್ನಾಗಿತ್ತು ಅಂದುಕೊಂಡ.

ಅದರ ಹಿಂದಿನ ಶನಿವಾರ ಆದದ್ದು ಇಷ್ಟು. ರೇಚೆಲ್ ಪ್ರತಿ ಶುಕ್ರವಾರ ಸಂಜೆ ಮಣ್ಣಿನ ಮಡಕೆಗೆ ಬಿಳಿ ಬೀನ್ಸ್ ಕಾಳು, ಹಂದಿಯ ಕಾಲು, ಈರುಳ್ಳಿ ಹಾಕಿ ಬೇಕರಿಯ ವಿಲ್ಫ್‌ನ ಒಲೆಗೆ ಕೊಡುತ್ತಾಳೆ. ಬೆಳಗಾಗುವಷ್ಟರಲ್ಲಿ ಅದು ಬೆಂದು ಬೆಣ್ಣೆಯಾಗಿರುತ್ತದೆ. ಅರ್ಧ ಮನೆಗೆ. ಇನ್ನರ್ಧ ಚಿಕ್ಕ ಮಡಕೆಯಲ್ಲಿ ಪಕ್ಕದ ಮನೆಯ ಸಿರಿಲ್‌ಗೆ ಹೋಗುತ್ತದೆ. ಸಿರಿಲ್ ಹೆಡ್ಲಿಯ ಅಣ್ಣ, ನಾಲ್ಕು ವರ್ಷ ದೊಡ್ಡವನು, ಹೆಂಡತಿ ಸತ್ತವನು. ಮಡಕೆ ತುಂಬಿ ಹೋಗುತ್ತದೆ, ತೊಳೆದು ವಾಪಸ್ಸು ಬರುತ್ತದೆ. ಹತ್ತೊಂಬತ್ತು ವರ್ಷದಿಂದ ಅದು ಹೆಡ್ಲಿಯ ಕಣ್ಣಿಗೆ ಬೀಳುವುದಿಲ್ಲ, ಅಥವಾ ಬೀಳುವುದಿಲ್ಲವೆಂದು ಅವನೂ ರೇಚೆಲಳೂ ಒಪ್ಪಿಕೊಂಡಿದ್ದಾರೆ. ಆ ಶನಿವಾರ ಅವಳು ಖಾಲಿ ಮಡಕೆ ಹಿಡಿದು ಬಂದವಳು ಅದನ್ನು ಮೇಜಿನ ಮೇಲೆ ಎದುರಿಗೇ ಇಟ್ಟಳು.

"ಸಿರಿಲ್ ಹೋಗ್ತಿದಾನೆ. ಇಂಗ್ಲೆಂಡಿಗೆ, ಮಗಳ ಮನೆಗೆ. ಮಂಡಿ ಕೈಕೊಟ್ಟಿದೆ, ಒಬ್ಬನೇ ಮೆಟ್ಟಿಲು ಹತ್ತೋಕಾಗಲ್ಲ. ಮನೆ ಆಗಲೇ ಬೇರೆಯವರ ಕೈಗೆ ಹೋಯ್ತು. ಇನ್ನು ಬರಲ್ಲ."

ಹೆಡ್ಲಿ ಗಡಿಯಾರ ನೋಡಿದ. "ಯಾವ ದೋಣಿ?"

"ಬರೋ ವಾರ ಅಲ್ಲ, ಅದರ ಮುಂದಿನ ಗುರುವಾರ. ಒಂಬತ್ತರದ್ದು."

"ಹೂಂ" ಅಂದ. ಅಂದವನು ಎದ್ದ. ಅಂದಿನಿಂದಲೇ ಅವನಿಗೆ ಕೂತಲ್ಲಿ ಕೂರಲಾಗದೆ ಹೋದದ್ದು.

ಗೋಡೆಯ ವಿಷಯ ಇಲ್ಲೇ ಹೇಳಿಬಿಡಬೇಕು. ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ದಕ್ಕೆಗೆ ಹೋಗುವ ಕೈಗಾಡಿಯ ದಾರಿಯಿದೆ. ಹತ್ತೊಂಬತ್ತು ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಹೆಡ್ಲಿ ತನ್ನ ಹಸು ದಾರಿಗೆ ನುಗ್ಗದಿರಲೆಂದು ಆ ದಾರಿಯ ಪಕ್ಕ ಕಲ್ಲಿನ ಗೋಡೆ ಕಟ್ಟತೊಡಗಿದ. ಸಿರಿಲ್ ಬಂದು, "ಒಂದು ಅಡಿ ಒಳಗೆ ತಗೋ. ನನ್ನ ಗಾಡಿ ಹಿಡಿಸೋದಿಲ್ಲ" ಅಂದ. "ಹಿಡಿಸುತ್ತೆ" ಅಂದ ಹೆಡ್ಲಿ. "ಹಿಡಿಸಲ್ಲ." "ಹಿಡಿಸುತ್ತೆ." ಮೂರು ದಿನ ಇದೇ ಮಾತು. ಗಾಡಿ ತಂದು ನೋಡೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಯಾರೂ ಹೇಳುತ್ತಿರಲಿಲ್ಲ.

ನಾಲ್ಕನೆಯ ದಿನ ಸಿರಿಲ್ ಇಬ್ಬರು ಸಾಕ್ಷಿಗಳನ್ನು ಕರೆತಂದ. ಟೋಪಿ ತೆಗೆದ, ದಾರಿಯ ಮಧ್ಯೆ ಮೊಣಕಾಲೂರಿದ, ಕೂಗು ಹಾಕಿದ.

ಕೂಗು ಎಂದರೆ ಆ ದ್ವೀಪಗಳಲ್ಲಿ ಸಾವಿರ ವರ್ಷದಿಂದ ಬಂದದ್ದು. ನಿನ್ನ ನೆಲದಲ್ಲಿ ಯಾರಾದರೂ ಅನ್ಯಾಯದ ಕೆಲಸ ಮಾಡುತ್ತಿದ್ದರೆ, ಅದೇ ಜಾಗದಲ್ಲಿ, ಬರಿತಲೆಯಲ್ಲಿ, ಇಬ್ಬರ ಎದುರು ಮೊಣಕಾಲೂರಿ ದ್ವೀಪದ ಹಳೆಯ ಫ್ರೆಂಚ್ ಮಾತಿನಲ್ಲಿ ಹೇಳಬೇಕು: "ಹಾರೋ, ಹಾರೋ, ಹಾರೋ. ನೆರವಿಗೆ ಬಾ, ನನ್ನ ದೊರೆ. ನನಗೆ ಅನ್ಯಾಯ ಮಾಡುತ್ತಿದ್ದಾರೆ." ಆಮೇಲೆ ಅದೇ ಮಾತಿನಲ್ಲಿ ಯೇಸುವಿನ ಪ್ರಾರ್ಥನೆ. ಅಷ್ಟಾದರೆ ಮುಗಿಯಿತು. ಎದುರಿನವನು ಕೈಯಲ್ಲಿದ್ದದ್ದನ್ನು ಕೆಳಗಿಡಬೇಕು. ಕೋರ್ಟು ತೀರ್ಮಾನಿಸುವವರೆಗೆ, ಇಲ್ಲವೇ ಕೂಗಿದವನೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವರೆಗೆ, ಮುಟ್ಟುವ ಹಾಗಿಲ್ಲ. ಮಕ್ಕಳು ಆಟಕ್ಕೆ ಆ ಮಾತು ಆಡಿದರೆ ಕಪಾಳಕ್ಕೆ ಬೀಳುತ್ತದೆ.

ಹೆಡ್ಲಿಯ ಕೈಯಲ್ಲಿ ಆಗ ಒಂದು ಕಲ್ಲಿತ್ತು. ಗೋಡೆಯ ಮೇಲಿಡದೆ ಅದನ್ನು ನೆಲಕ್ಕಿಟ್ಟ.

ಸಿರಿಲ್ ದೊಡ್ಡ ದ್ವೀಪದ ಕೋರ್ಟಿನಲ್ಲಿ ಬರೆಸಿದ್ದೇನೋ ಆಯಿತು. ಆಮೇಲೆ ಅವನು ಮೊದಲು ಹೋಗಲಿ ಎಂದು ಇವನು, ಇವನು ಹೋಗಲಿ ಎಂದು ಅವನು, ಇಬ್ಬರೂ ದೋಣಿ ಹತ್ತಲಿಲ್ಲ. ಒಂದು ವರ್ಷ ಒಂದು ದಿನ ಕಳೆಯಿತು. ಕೂಗಿನ ಅವಧಿ ತೀರಿತು, ಇನ್ನು ಅದಕ್ಕೆ ಬಲವಿಲ್ಲ ಎಂದು ಗುಮಾಸ್ತನ ಕಾಗದ ಬಂತು. ಹೆಡ್ಲಿ ಅದನ್ನು ಗಡಿಯಾರದ ಹಿಂದೆ ಸಿಕ್ಕಿಸಿದ. ಬಾಯಿಂದ ಬಂದದ್ದನ್ನು ಕಾಗದ ಹೇಗೆ ತೆಗೆದೀತು? ಬಾಯಿಂದಲೇ ತೆಗೆಯಬೇಕು. ಸಿರಿಲ್ ತೆಗೆಯಲಿಲ್ಲ, ಹೆಡ್ಲಿ ಕಲ್ಲು ಎತ್ತಲಿಲ್ಲ. ಗೋಡೆ ಅರ್ಧಕ್ಕೆ ನಿಂತಿತು. ಸಿರಿಲ್ ಅಂದಿನಿಂದ ಆ ದಾರಿ ತುಳಿಯದೆ ಬಲೆಗಳನ್ನು ಚರ್ಚಿನ ಸುತ್ತು ಹಾಕಿ ಹೊತ್ತ. ಆ ಸುತ್ತು ಹೆಚ್ಚಾಗಿ ಕೊನೆಗೆ ದೋಣಿಯನ್ನೇ ಮಾರಿದ. ಕೆಳಗಿಟ್ಟ ಕಲ್ಲಿನ ಸುತ್ತ ಹುಲ್ಲು ಬೆಳೆಯಿತು. ಅದು ಅರ್ಧ ಮಣ್ಣಿಗಿಳಿದಿದೆ. ಹಸು ಸತ್ತು ಹನ್ನೊಂದು ವರ್ಷವಾಯಿತು.

ಇನ್ನು ಮುಂದಿನ ವಾರ ಗುರುವಾರ ಸಿರಿಲ್ ಹೋದರೆ ಆ ಬಾಯಿಯೂ ಹೋಗುತ್ತದೆ. ಕಲ್ಲು ಎಂದೆಂದಿಗೂ ಹಾಗೇ. ಮಾತೂ ಹಾಗೇ.

ಲಂಡನ್ನಿನವರು ಬಂದ ವಾರದ ಗುರುವಾರ, ಶುಕ್ರವಾರ ಹೆಡ್ಲಿ ಬಾಗಿಲು ಹೊತ್ತ. ಸೀಲ್ ರಾಜನ ಹುಟ್ಟುಹಬ್ಬದ ಹಿಂದೆ ಹೊತ್ತ, ಬೋಳುತಲೆಯವರ ಮೇಳದ ಹಿಂದೆ ಹೊತ್ತ. ಊರಿನ ಇಪ್ಪತ್ತು ಜನ ವೇಷ ಹಾಕಿದ್ದರು. ಬೇಕರಿಯ ವಿಲ್ಫ್ ತಲೆಯ ಮೇಲೆ ಸುಣ್ಣದ ಮೀನುಗಳ ತಟ್ಟೆ ಹೊರುತ್ತಿದ್ದ. ರೇಚೆಲ್ ಸೀಲಿಗೆ ಸ್ವೆಟರ್ ಹೆಣೆಯುವವಳು.

"ಮೂವತ್ತು ವರ್ಷ ನಿನಗೆ ಹೆಣೆದೆ. ಇದು ಕೈ ಇಲ್ಲದ ಗಿರಾಕಿ, ಬೇಗ ಮುಗಿಯುತ್ತೆ" ಅಂದಳು. ಆಮೇಲೆ ಸೂಜಿ ನಿಲ್ಲಿಸದೆ, "ಅವನ ಮನೆ ಬಾಗಿಲು ಬಾಗಿಲಲ್ವಾ? ಇದನ್ನ ಹೊತ್ಕೊಂಡು ಊರೆಲ್ಲಾ ಸುತ್ತೋ ಬದಲು ಅದನ್ನ ಒಂದ್ಸಲ ತಟ್ಟಬಾರದಾ?"

"ಕೂಗಿದೋನು ನಾನಲ್ಲ."

"ಗೊತ್ತು. ಹತ್ತೊಂಬತ್ತು ವರ್ಷದಿಂದ ಹಾಸಿಗೇಲೂ ಅದೇ ಹೇಳಿದೀಯ."

ಶನಿವಾರ ಇಮೋಜನ್‌ಳ ಕಣ್ಣಿಗೆ ಗೋಡೆ ಬಿತ್ತು. ಅದರ ಸುತ್ತ ಎರಡು ಸಲ ತಿರುಗಿದಳು.

"ಇದನ್ನ ಯಾರು ಕಟ್ಟಿದ್ದು?"

"ನಾನು" ಅಂದ ಹೆಡ್ಲಿ.

"ಯಾಕೆ ಅರ್ಧಕ್ಕೆ ನಿಲ್ಲಿಸಿದ್ರಿ?"

"ಊಟಕ್ಕೆ ಹೋಗಿದ್ದೆ."

ಅವಳು ನಕ್ಕಳು. ಆದರೆ ಸಂಜೆಯಷ್ಟರಲ್ಲಿ ಹೋಟೆಲಿನಲ್ಲಿ ಯಾರೋ ಅವಳಿಗೆ ಕೂಗಿನ ವಿಷಯ ಹೇಳಿದ್ದರು. ಯಾರು ಯಾರ ಮೇಲೆ ಕೂಗಿದರೆಂದು ಹೇಳಿರಲಿಲ್ಲ, ಕೂಗು ಎಂದರೇನು ಎಂದಷ್ಟೇ. ಅವಳು ರಾತ್ರೋರಾತ್ರಿ ಹೊಸ ಸಂಗತಿ ಬರೆದಳು: ಪಾರುಪತ್ಯಗಾರ ಅರ್ಧ ಗೋಡೆಯ ಬಳಿ ಮೊಣಕಾಲೂರಿ ಗಾಳಿಯ ಮೇಲೆ ಕೂಗು ಹಾಕುತ್ತಾನೆ. ಗಾಳಿ ನಿಲ್ಲುವುದಿಲ್ಲ. ಅವನ ವಿಗ್ಗು ಹಾರಿಹೋಗುತ್ತದೆ.

ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಹೆಡ್ಲಿಯನ್ನು ತಡೆದು, "ಡೆಸ್ಮಂಡ್‌ಗೆ ಆ ಮಾತು ಕಲಿಸಿಕೊಡ್ತೀರಾ?" ಅಂದಳು.

"ಅದು ಕಲಿಸೋ ಮಾತಲ್ಲ ಮಗಳೇ."

"ನಾಟಕಕ್ಕೆ ಅಷ್ಟೇ."

"ನಾಟಕಕ್ಕೆ ಅಂತ ಬೆಂಕಿ ಹಚ್ಚಿದ್ರೂ ಹುಲ್ಲು ಉರಿಯುತ್ತೆ" ಅಂದು ನಡೆದ.

ಸೋಮವಾರ ರೇಚೆಲ್ ಮಡಕೆಯಿಲ್ಲದೆಯೂ ಸಿರಿಲ್‌ನ ಮನೆಗೆ ಹೋಗಿಬಂದಳು. "ಆ ಹುಡುಗಿ ಸಿರಿಲ್ ಹತ್ರ ಹೋಗಿದ್ಲಂತೆ. ಅವನು ಒಪ್ಕೊಂಡಿದಾನೆ."

ಹೆಡ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವನು ನಿಲ್ಲಿಸಿದ. "ಒಪ್ಕೊಂಡನಾ?"

"ನಕ್ಕನಂತೆ ಕೂಡ."

ಅವನು ಚಾಕು ಬಿಟ್ಟು ಎದ್ದು ಹಿತ್ತಲಿಗೆ ಹೋದ. ಹಿತ್ತಲಿಂದ ದಾರಿಗೆ, ದಾರಿಯಿಂದ ದಕ್ಕೆಗೆ, ದಕ್ಕೆಯಿಂದ ಮತ್ತೆ ಹಿತ್ತಲಿಗೆ. ಹತ್ತೊಂಬತ್ತು ವರ್ಷ ಆ ಮಾತನ್ನು ಮೈಮೇಲೆ ಹೊತ್ತವನು ಇವನು. ಅದನ್ನು ಹಾಕಿದವನು ಈಗ ದಪ್ಪ ನಟನೊಬ್ಬನ ವಿಗ್ಗಿಗೋಸ್ಕರ ಅದನ್ನೇ ನಗುತ್ತ ಕೊಡುತ್ತಾನೆ. ಅಂದರೆ ಅದು ಅಷ್ಟೇ ಆಗಿತ್ತೇ ಅವನಿಗೆ? ಆ ದಿನ ಹೆಡ್ಲಿ ಊಟಕ್ಕೂ ನಿಂತೇ ಇದ್ದ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಗೋಡೆಯ ಬಳಿ ಸೇರಿದರು. ಡೆಸ್ಮಂಡ್ ನಿಲುವಂಗಿ ತೊಟ್ಟು ಮೊಣಕಾಲೂರಿದ. ಎರಡು ಸಲ ಹೇಳಿದ, ಮೂರು ಸಲ ಹೇಳಿದ. ಹಳೆಯ ಮಾತು ಅವನ ನಾಲಿಗೆಗೆ ಹತ್ತಲಿಲ್ಲ.

"ಗಂಟಲಲ್ಲಿ ಮೀನುಮುಳ್ಳು ಸಿಕ್ಕಿಕೊಂಡ ಹಾಗಿದೆ" ಅಂದ ವಿಲ್ಫ್, ತಟ್ಟೆಯ ಕೆಳಗಿನಿಂದ.

ಇಮೋಜನ್ ಯೋಚಿಸಿ ಬೇರೆ ದಾರಿ ಹುಡುಕಿದಳು. ಡೆಸ್ಮಂಡ್ ತುಟಿ ಆಡಿಸಲಿ ಸಾಕು. ಗೋಡೆಯ ಆಚೆ ಬದಿಯಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಸಿರಿಲ್ ನಿಂತು ದನಿ ಕೊಡಲಿ.

ಸಿರಿಲ್ ಕೋಲೂರಿಕೊಂಡು ಬಂದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ದಾರಿಗೆ ಕಾಲಿಟ್ಟದ್ದು. ತಮ್ಮನ ಕಡೆ ನೋಡಲಿಲ್ಲ. ಹೆಡ್ಲಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಾಗಿಲು ಹೊತ್ತು ಸಿದ್ಧವಾಗಿದ್ದ. ಅವನೂ ನೋಡಲಿಲ್ಲ. ಆದರೆ ಆಚೆ ಬದಿ ಅವನ ಕಣ್ಣಿಗೆ ಕಾಣುತ್ತಿತ್ತು.

"ನಿಂತೇ ಹೇಳಿ, ಪರವಾಗಿಲ್ಲ" ಅಂದಳು ಇಮೋಜನ್, ಅವನ ಮಂಡಿ ನೋಡಿ.

"ನಿಂತು ಹೇಳೋಕೆ ಬರಲ್ಲ ತಾಯಿ" ಅಂದ ಸಿರಿಲ್. ಕೋಲನ್ನು ಗೋಡೆಗೆ ಒರಗಿಸಿದ. ಟೋಪಿ ತೆಗೆದ. ಒಂದು ಮಂಡಿ ಊರಿದ. ಇನ್ನೊಂದು ಊರಲು ಬಹಳ ಹೊತ್ತು ಹಿಡಿಯಿತು. ಮಧ್ಯೆ ಉಸಿರು ಎಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು.

ಆಮೇಲೆ ಕೂಗಿದ. ಎಪ್ಪತ್ತೈದು ವರ್ಷದ ಗಂಟಲು, ಆದರೆ ಆ ಮಾತು ಹತ್ತೊಂಬತ್ತು ವರ್ಷದ ಹಿಂದೆ ಬಂದಂತೆಯೇ ಬಂತು. ಹಾರೋ, ಹಾರೋ, ಹಾರೋ. ಪ್ರಾರ್ಥನೆಯನ್ನೂ ಕೊನೆಯವರೆಗೆ ಹೇಳಿದ. ಗಾಳಿಯೂ ಬೀಸಿತು. ಡೆಸ್ಮಂಡ್‌ನ ವಿಗ್ಗು ಬರೆದಿಟ್ಟಂತೆಯೇ ಹಾರಿಹೋಯಿತು.

"ಅದ್ಭುತ. ಈಗ ಇನ್ನೊಂದು ಸಲ, ಹತ್ತಿರದಿಂದ" ಅಂದಳು ಇಮೋಜನ್.

ಯಾರೂ ಅಲುಗಲಿಲ್ಲ. ವಿಲ್ಫ್ ತಟ್ಟೆ ಕೆಳಗಿಟ್ಟಿದ್ದ. ರೇಚೆಲ್ ಸೂಜಿ ಮಡಿಲಲ್ಲಿಟ್ಟಿದ್ದಳು. ಇಪ್ಪತ್ತು ಜನರ ಕೈಯಲ್ಲಿದ್ದ ಗಂಟೆ, ಕೋಲು, ಬಕೆಟ್ಟು ಎಲ್ಲ ನೆಲದ ಮೇಲಿದ್ದವು, ಗಂಡಸರ ಟೋಪಿ ಕೈಯಲ್ಲಿತ್ತು. ಹೆಡ್ಲಿ ಬಾಗಿಲನ್ನು ಇಳಿಸಿ ಹುಲ್ಲಿನ ಮೇಲೆ ಮಲಗಿಸಿದ್ದ. ಇಳಿಸಬೇಕು ಎಂದುಕೊಂಡು ಇಳಿಸಿದ್ದಲ್ಲ, ಕೈಗಳೇ ಇಳಿಸಿದ್ದವು.

"ಏನಾಯ್ತು?"

"ಕೂಗು ಬಿತ್ತಲ್ಲ ಮಗಳೇ. ಕೆಲಸ ನಿಂತ್ಹೋಯ್ತು" ಅಂದ ವಿಲ್ಫ್.

ಅವಳು ನಕ್ಕಳು. ಬೇರೆ ಯಾರೂ ನಗದಿದ್ದಾಗ ನಿಲ್ಲಿಸಿದಳು. "ಅದು ಗಾಳಿಯ ಮೇಲೆ ಹಾಕಿದ್ದು."

"ಗಾಳಿ ಕೆಲಸ ಅಲ್ಲ. ಇಲ್ಲಿ ನಡೀತಿದ್ದ ಕೆಲಸ ಅಂದ್ರೆ ನಿಂದೇ. ಜಾಗ ಸರಿ ಇತ್ತು, ಬರಿತಲೆ ಇತ್ತು, ಮಂಡಿ ಊರಿದ್ದ, ಸಾಕ್ಷಿಗೆ ಇಬ್ಬರು ಸಾಕು, ಇಪ್ಪತ್ತು ಜನ ಇದೀವಿ. ಒಂದು ಅಕ್ಷರ ಕೂಡ ತಪ್ಪಲಿಲ್ಲ."

"ನಾನು ವಾಪಸ್ಸು ತಗೋತೀನಿ" ಅಂದ ಡೆಸ್ಮಂಡ್, ವಿಗ್ಗಿನ ಹಿಂದೆ ಓಡಿ ಬಂದು.

"ನೀನು ತುಟಿ ಆಡಿಸ್ದೆ ಅಷ್ಟೇ ಸ್ವಾಮಿ. ಕೂಗಿದ್ದು ಸಿರಿಲ್."

ಎಲ್ಲರೂ ಗೋಡೆಯಾಚೆ ನೋಡಿದರು. ಸಿರಿಲ್ ಅಷ್ಟರಲ್ಲಿ ಎದ್ದು ಕೋಲೂರಿಕೊಂಡು ಮನೆ ಸೇರಿದ್ದ. ಇಮೋಜನ್ ಅವನ ಹಿಂದೆ ಹೋದಳು. ಹತ್ತು ನಿಮಿಷ ಬಿಟ್ಟು ಬಂದಾಗ ಅವಳ ಮುಖದಲ್ಲಿ ಬೇರೆಯೇ ಯೋಚನೆಯಿತ್ತು.

"ಯಾರ ಕೆಲಸ ನಿಂತಿತೋ ಅವರು ಬಂದು ಕೇಳಿದ್ರೆ ತೆಗೀತೀನಿ ಅಂದ್ರು. ನಾನೇ ಅಲ್ವಾ ಅಂದೆ. ಅಲ್ಲ ಅಂದ್ರು. ಬಾಗಿಲು ಇಳಿಸಿದವನು ಬರಲಿ ಅಂದ್ರು."

ಹೆಡ್ಲಿ ಆಗಲೇ ನಡೆಯುತ್ತಿದ್ದ. ಆದರೆ ಅಣ್ಣನ ಮನೆಯ ಕಡೆಗಲ್ಲ. ಚರ್ಚಿನ ಕಡೆ ಹೋದ. ಚರ್ಚನ್ನು ಸುತ್ತಿ ಬಂದು ಅಣ್ಣನ ಗೇಟಿನ ಮುಂದೆ ಹಾದ, ಕೈ ಗೇಟಿಗೆ ಹೋಯಿತು, ವಾಪಸ್ಸು ಬಂತು. ಇನ್ನೊಂದು ಸುತ್ತು. ಮಧ್ಯಾಹ್ನವಾಯಿತು. ಲಂಡನ್ನಿನವರು ಪೆಟ್ಟಿಗೆಗಳ ಮೇಲೆ ಕೂತು ಸ್ಯಾಂಡ್‌ವಿಚ್ ತಿಂದರು. ಮೂರನೆಯ ಸುತ್ತಿಗೆ ಬಂದಾಗ ರೇಚೆಲ್ ತನ್ನ ಬಾಗಿಲಲ್ಲಿ ನಿಂತಿದ್ದಳು.

"ಇನ್ನೆಷ್ಟು ಸುತ್ತು? ಊರು ಸವೆದು ಹೋಗುತ್ತೆ."

"ನಿಂಗೆ ಗೊತ್ತಿತ್ತಾ ಇದು?"

"ನಂಗೆ ಗೊತ್ತಿರೋದು ಬೀನ್ಸ್ ಕಾಳು."

"ರೇಚೆಲ್."

"ಹೋಗು. ನಾಳೆ ಬುಧವಾರ. ನಾಡಿದ್ದು ಇನ್ನೊಂದು ಬುಧವಾರ ಬರಲ್ಲ."

ಅವನು ಆ ದಿನವೂ ಹೋಗಲಿಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಗೋಡೆಯ ಬಳಿ ಹೋದ. ಸಿರಿಲ್ ಅರ್ಧ ಗೋಡೆಯ ಮೇಲೆ ಕೂತಿದ್ದ. ಬಹಳ ಹೊತ್ತಿನಿಂದ ಕೂತಿದ್ದ ಹಾಗಿತ್ತು, ಕೋಟಿನ ಮೇಲೆ ಇಬ್ಬನಿಯಿತ್ತು. ಬೇಕರಿಯ ವಿಲ್ಫ್ ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಒಂದು ಕಡೆ ನಿಂತ. ಇನ್ನೊಂದು ಕಡೆ ಇಮೋಜನ್. ಕ್ಯಾಮೆರಾ ತಂದಿರಲಿಲ್ಲ.

ಹೆಡ್ಲಿ ಅಣ್ಣನ ಬೂಟು ನೋಡಿದ.

"ಬಾಗಿಲು ಎತ್ತಬೇಕು" ಅಂದ. ಹತ್ತೊಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು.

"ಭಾರ ಇದೆಯಾ?"

"ಇಲ್ಲ. ಸುಮ್ಮನೆ ಹಲಗೆ."

"ಹೂಂ." ಸಿರಿಲ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ನಂಗೆ ಇನ್ನೊಂದ್ಸಲ ಮಂಡಿ ಊರೋಕಾಗಲ್ಲ. ನಿನ್ನೆ ಊರಿದ್ದೇ ಹೆಚ್ಚು. ವಿಲ್ಫ್, ಕೂತು ಹೇಳಿದ್ರೆ ನಡೆಯುತ್ತಾ?"

"ತೆಗೆಯೋಕೆ ಮಂಡಿ ಬೇಡ. ಹಾಕೋಕೆ ಮಾತ್ರ."

"ಹಾಗಾದ್ರೆ ತೆಗೆದುಕೊಂಡೆ" ಅಂದ ಸಿರಿಲ್. "ಕೂಗಿದ್ದನ್ನ ತೆಗೆದುಕೊಂಡೆ. ಇಬ್ಬರೂ ಕೇಳಿಸ್ಕೊಂಡ್ರಾ?"

ವಿಲ್ಫ್ ತಲೆಯಾಡಿಸಿದ. ಅದನ್ನು ನೋಡಿ ಇಮೋಜನ್ ಕೂಡ ಆಡಿಸಿದಳು.

ಹೆಡ್ಲಿ ಹೋಗಲಿಲ್ಲ. "ಯಾವುದನ್ನ?" ಅಂದ.

"ಎರಡೂ."

"ಮೊದಲಿನದನ್ನ ಆಗಲೇ ತೆಗೀಬಹುದಿತ್ತು. ಹತ್ತೊಂಬತ್ತು ವರ್ಷ ಇತ್ತು."

"ನಿನಗೂ ಆ ಗುಮಾಸ್ತನ ಕಾಗದ ಬಂತಲ್ಲ. ಅವಧಿ ತೀರಿತು ಅಂತ." ಸಿರಿಲ್ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸುತ್ತಿದ್ದ. "ಮೊದಲ ವರ್ಷ ಕೋಪ ಇತ್ತು. ಕೋಪ ಇಳಿಯೋಷ್ಟರಲ್ಲಿ ಕಾಗದ ಬಂತು. ಸತ್ತ ಕೂಗನ್ನ ತೆಗೆಯೋದು ಹೇಗೆ? ಪಾದ್ರಿನ ಕೇಳಿದೆ, ದೊಡ್ಡ ದ್ವೀಪದ ವಕೀಲನ್ನ ಕೇಳಿದೆ. ಇಲ್ಲದ್ದನ್ನ ತೆಗೆಯೋಕಾಗಲ್ಲ ಅಂದ್ರು. ತೆಗೀಬೇಕಂದ್ರೆ ಅದು ಜೀವಂತ ಇರಬೇಕು. ಸುಮ್ಮಸುಮ್ಮನೆ ಇನ್ನೊಂದು ಕೂಗು ಹಾಕೋಕಾಗುತ್ತಾ? ನೀನು ಕಲ್ಲೇ ಮುಟ್ಟಲಿಲ್ಲ. ಒಂದೇ ಒಂದು ಕಲ್ಲು ಇಟ್ಟಿದ್ರೆ ಅವತ್ತೇ ಕೂಗಿ, ಅವತ್ತೇ ತೆಗೀತಿದ್ದೆ. ಕಿಟಕಿಯಿಂದ ನೋಡ್ತಾನೇ ಇದ್ದೆ."

"ನೀನು ತೆಗೀಲಿ ಅಂತ ನಾನು ಮುಟ್ಟಲಿಲ್ಲ."

"ಗೊತ್ತಾಯ್ತು. ರೇಚೆಲ್ ಹೇಳಿದ್ಲು."

"ಯಾವಾಗ?"

"ಸೋಮವಾರ."

"ಹತ್ತೊಂಬತ್ತು ವರ್ಷ ಮಡಕೆ ಹೊತ್ತವಳು ಸೋಮವಾರ ಹೇಳಿದ್ಲಾ?"

"ನಾನು ಕೇಳಿದ್ದು ಸೋಮವಾರ" ಅಂದ ಸಿರಿಲ್.

ವಿಲ್ಫ್‌ನಿಗೆ ಆಗ ಒಲೆ ನೆನಪಾಯಿತು, ಹೊರಟುಹೋದ. ಇಮೋಜನ್ ಸುಮ್ಮನೆ ಹೋಗಿ ಬಾಗಿಲಿನ ಹತ್ತಿರ ನಿಂತಳು. ಅಣ್ಣತಮ್ಮ ಇಬ್ಬರೇ ಆದರು. ಹೆಡ್ಲಿ ಹುಲ್ಲಿನಲ್ಲಿದ್ದ ಕಲ್ಲಿನ ಬಳಿ ಕೂತು ಅದರ ಸುತ್ತಲ ಮಣ್ಣು ಕೆದಕತೊಡಗಿದ. ಕಲ್ಲು ಅಲುಗಲಿಲ್ಲ. ಸಿರಿಲ್ ತನ್ನ ಕೋಲನ್ನು ಅದರಡಿ ತೂರಿಸಿ ಮೀಟಿದ. ಹೆಡ್ಲಿ ಎಳೆದ. ಬಂತು. ಅಡಿಯಲ್ಲಿ ಬಿಳಿ ಬೇರು, ಎರೆಹುಳು, ಒಂದು ಹಳೆಯ ಹಿತ್ತಾಳೆ ಗುಂಡಿ.

"ನನ್ನ ಕೋಟಿಂದು" ಅಂದ ಸಿರಿಲ್.

"ಎಲ್ಲಿಡಲಿ?" ಹೆಡ್ಲಿ ಕಲ್ಲು ಹಿಡಿದು ನಿಂತಿದ್ದ.

"ಒಂದು ಅಡಿ ಒಳಗೆ."

"ನಿಂಗೆ ಗಾಡಿಯಿಲ್ಲ. ದೋಣಿಯಿಲ್ಲ. ನಾಳೆ ಇಲ್ಲಿ ನೀನೂ ಇಲ್ಲ."

"ದಾರಿ ಇದೆಯಲ್ಲ. ಅದು ಇಲ್ಲೇ ಇರುತ್ತೆ."

ಹೆಡ್ಲಿ ಗೋಡೆ ನೋಡಿದ, ದಾರಿ ನೋಡಿದ. "ಗಾಡಿ ಹಿಡಿಸುತ್ತೆ ಸಿರಿಲ್. ಇವತ್ತಿಗೂ ಹೇಳ್ತೀನಿ." ಹೇಳಿ, ಕಲ್ಲನ್ನು ಒಂದು ಅಡಿ ಒಳಗೆ, ಬರಿಯ ಹುಲ್ಲಿನ ಮೇಲೆ ಇಟ್ಟ. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆ ಒಂದು ಕಲ್ಲು ಯಾವ ಗೋಡೆಗೂ ಸೇರದೆ ಕೂತಿತ್ತು.

ಆ ಮಧ್ಯಾಹ್ನ ಹೆಡ್ಲಿ ಬಾಗಿಲು ಹೊತ್ತು ಆರು ಸಲ ನಡೆದ. ಇಮೋಜನ್‌ಗೆ ತೃಪ್ತಿಯಾಗಲಿಲ್ಲ. "ನಿನ್ನೆ ಇದ್ದ ನಡಿಗೆ ಎಲ್ಲಿ ಹೋಯ್ತು? ಇವತ್ತು ಸಂತೆಗೆ ಹೋಗೋರ ಥರ ನಡೀತಿದೀರ" ಅಂದಳು. ಆ ವರ್ಷದ ಶರತ್ಕಾಲದಲ್ಲಿ ನಾಟಕ ಟೀವಿಯಲ್ಲಿ ಬಂದಾಗ ಊರಿನವರೆಲ್ಲ ಹೋಟೆಲಿನಲ್ಲಿ ಕೂತು ನೋಡಿದರು. ಕೂಗಿನ ಸಂಗತಿ 'ಆ' ಅನ್ನುವುದರೊಳಗೆ ಮುಗಿದುಹೋಯಿತು. ವಿಗ್ಗು ಹಾರಿದ್ದು ಮಾತ್ರ ಎರಡು ಸಲ ತೋರಿಸಿದರು. ಹಿಂದೆ ಒಬ್ಬ ಮುದುಕ ಬಾಗಿಲು ಇಳಿಸುವುದು ಕಾಣುತ್ತದೆ. ಲಂಡನ್ನಿನಲ್ಲಿ ಅದಕ್ಕೆ ಬಹಳ ನಕ್ಕರಂತೆ.

ಸಿರಿಲ್ ಹೊರಡುವ ಗುರುವಾರ ಎಂಟೂವರೆಗೆ ಹೆಡ್ಲಿ ಊರಿನ ಕೈಗಾಡಿ ತಂದು ಅಣ್ಣನ ಪೆಟ್ಟಿಗೆ ಏರಿಸಿದ. ಮೇಲೆ ರೇಚೆಲ್ ಟವೆಲಿನಲ್ಲಿ ಸುತ್ತಿದ ಮಡಕೆ ಇಟ್ಟಳು, ಶನಿವಾರವಲ್ಲದಿದ್ದರೂ. "ತೊಳೆದು ಕಳಿಸು" ಅಂದಳು ಸಿರಿಲ್‌ಗೆ. "ದೂರ ಆಯ್ತು ಅಂತ ಹಾಗೇ ಇಟ್ಕೋಬೇಡ." ಅಷ್ಟು ಹೇಳಿ ಒಳಗೆ ಹೋದಳು.

ಚರ್ಚಿನ ಸುತ್ತು ಬೇಡ, ನೇರ ದಾರಿಯಲ್ಲೇ ಹೋಗೋಣ ಎಂದು ಹೆಡ್ಲಿಯೇ ಹೇಳಿದ. ಅವನು ಗಾಡಿ ತಳ್ಳಿದ, ಸಿರಿಲ್ ಹಿಂದೆ ಕೋಲೂರಿಕೊಂಡು ಬಂದ. ಅರ್ಧ ಗೋಡೆಯ ಬಳಿ ಬಂದಾಗ ಗಾಡಿ ಗಕ್ಕನೆ ನಿಂತಿತು. ಎರಡೂ ಚಕ್ರ ಗೋಡೆಗೂ ಆಚೆಯ ದಿಬ್ಬಕ್ಕೂ ನಡುವೆ ಸಿಕ್ಕಿಕೊಂಡಿದ್ದವು. ಹೆಡ್ಲಿ ಹಿಂದಕ್ಕೆಳೆದು ಮತ್ತೆ ತಳ್ಳಿದ. ಹಿಡಿಸಲಿಲ್ಲ. ನಾಲ್ಕು ಬೆರಳಷ್ಟು ಜಾಗ ಕಡಿಮೆ.

ಹಿಂದಿನಿಂದ ಸಿರಿಲ್ ಕೆಮ್ಮಿದ.

"ಕೆಮ್ಮಬೇಡ" ಅಂದ ಹೆಡ್ಲಿ, ತಿರುಗದೆ.

"ಗಾಳಿ" ಅಂದ ಸಿರಿಲ್.

ಹೆಡ್ಲಿ ಕೋಟು ಬಿಚ್ಚಿ ಗೋಡೆಯ ತುದಿಯಿಂದ ಮೂರು ಕಲ್ಲು ಕಿತ್ತ. ಅವನ್ನು ಒಯ್ದು, ಒಂದು ಅಡಿ ಒಳಗೆ ನಿನ್ನೆ ಇಟ್ಟಿದ್ದ ಕಲ್ಲಿನ ಪಕ್ಕ ಸಾಲಾಗಿ ಇಟ್ಟ. ಗಾಡಿ ದಾಟಿತು.

ದಕ್ಕೆಯಲ್ಲಿ ದೋಣಿಯವನು ಪೆಟ್ಟಿಗೆ ಇಳಿಸಿಕೊಂಡ. ಸಿರಿಲ್ ಮಡಕೆಯನ್ನು ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕೂತ. ದೋಣಿ ಬಂಡೆಗಳನ್ನು ದಾಟುವವರೆಗೆ ಹೆಡ್ಲಿ ಮೆಟ್ಟಿಲ ಮೇಲೆ ಕೂತಿದ್ದ. ಒಂದು ಸಲವೂ ಏಳಲಿಲ್ಲ.

ಸಿರಿಲ್ ಟೊರೋಡ್ ಮೊರ್ಲೆ ಬಿಟ್ಟದ್ದು ಮಾರ್ಚ್ ತಿಂಗಳ ಎರಡನೆಯ ಗುರುವಾರ, ಒಂಬತ್ತರ ದೋಣಿಯಲ್ಲಿ. ಲಂಡನ್ನಿನವರು ಶನಿವಾರ ಹೋದರು. ಸೀಲನ್ನೂ ಬಾಗಿಲನ್ನೂ ತಗೊಂಡು ಹೋದರು.